ಓಡುವವರ ಬೆವರು ಹೇಳುವುದೆಷ್ಟು?

ಓಡುವಾಗ ಎಷ್ಟು ನೀರು ಕುಡಿಯಬೇಕು? ಈ ಪ್ರಶ್ನೆಗೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಸಿಕ್ಕ ಉತ್ತರಗಳು ಒಂದಕ್ಕೊಂದು ತದ್ವಿರುದ್ಧವಾಗಿವೆ. ಮೊದಲು ಕುಡಿಯಲೇಬೇಡಿ ಎಂದರು. ಆಮೇಲೆ ಹೊಟ್ಟೆ ತಡೆದುಕೊಳ್ಳುವಷ್ಟು ಕುಡಿಯಿರಿ ಎಂದರು. ಅದಾದ ಮೇಲೆ ಬಾಯಾರಿದಷ್ಟು ಕುಡಿದರೆ ಸಾಕು ಎಂದರು. ಈಗ ನಾಲ್ಕನೆಯ ಉತ್ತರ ಬಂದಿದೆ: ಊಹೆ ಬಿಡಿ, ಅಳೆದು ನೋಡಿ. ತೋಳಿಗೆ ಅಂಟಿಸಿಕೊಳ್ಳುವ ಪುಟ್ಟ ಪ್ಯಾಚ್, ಮಣಿಕಟ್ಟಿನ ವಾಚ್, ಎದೆಗೆ ಕಟ್ಟುವ ಪಟ್ಟಿ ಇವೆಲ್ಲ ಬೆವರನ್ನು ಅಳೆದೋ ಅಂದಾಜಿಸಿಯೋ ಎಷ್ಟು ನೀರು, ಎಷ್ಟು ಉಪ್ಪು ಹೋಯಿತೆಂದು ಮೊಬೈಲ್ ಪರದೆಯ ಮೇಲೆ ತೋರಿಸುತ್ತಿವೆ.

ಈ ಸಲಕರಣೆಗಳನ್ನು ನಂಬಬಹುದೇ ಎಂಬುದು ಬರಿಯ ತಂತ್ರಜ್ಞಾನದ ಪ್ರಶ್ನೆಯಲ್ಲ. ಅದರ ಹಿಂದೆ ದೇಹಶಾಸ್ತ್ರದ ದೊಡ್ಡದೊಂದು ಜಗಳವಿದೆ. ಆ ಜಗಳ ಗೊತ್ತಿಲ್ಲದಿದ್ದರೆ ಪರದೆಯ ಮೇಲಿನ ಅಂಕಿಗೆ ಅರ್ಥವಿಲ್ಲ. ಕೆಲವೊಮ್ಮೆ ಆ ಅಂಕಿಯೇ ಅಪಾಯಕ್ಕೆ ದಾರಿಯಾಗಬಹುದು.

ನೀರು ನಿರಾಕರಿಸಿದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಓಟದ ನಡುವೆ ನೀರು ಕುಡಿಯುವುದನ್ನು ದೌರ್ಬಲ್ಯವೆಂದು ಎಣಿಸುತ್ತಿದ್ದರು. ನೀರು ಹೊಟ್ಟೆಯಲ್ಲಿ ಕುಲುಕಿ ಓಟ ಕೆಡುತ್ತದೆ ಎಂಬ ನಂಬಿಕೆಯಿತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್ ಇದರ ಕ್ರೂರ ಉದಾಹರಣೆ. ಸುಮಾರು 32 ಡಿಗ್ರಿ ಸೆಲ್ಸಿಯಸ್ ಬಿಸಿಲು, ಧೂಳು ತುಂಬಿದ ಹಾದಿ. ದಾರಿಯುದ್ದಕ್ಕೂ ನೀರು ಸಿಗುತ್ತಿದ್ದುದು ಒಂದೆರಡು ಕಡೆ ಮಾತ್ರ. ಆಯೋಜಕ ಜೇಮ್ಸ್ ಸಲಿವನ್‌ಗೆ ನೀರಿಲ್ಲದೆ ದೇಹ ಹೇಗೆ ವರ್ತಿಸುತ್ತದೆಂದು ನೋಡುವ ಕುತೂಹಲವಿತ್ತು. ಓಟ ಆರಂಭಿಸಿದ 32 ಮಂದಿಯಲ್ಲಿ ಮುಗಿಸಿದವರು 14 ಮಂದಿ. ಗೆದ್ದ ಥಾಮಸ್ ಹಿಕ್ಸ್ ನೀರು ಕೇಳಿದಾಗ ಜೊತೆಗಿದ್ದವರು ಬಾಯಿ ಒದ್ದೆ ಮಾಡಿದರೇ ಹೊರತು ಕುಡಿಯಲು ಕೊಡಲಿಲ್ಲ. ಕೊಟ್ಟದ್ದು ಸ್ಟ್ರಿಕ್ನಿನ್ ಮತ್ತು ಬ್ರಾಂದಿ.

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು ಯುದ್ಧ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರುಭೂಮಿಯ ಸೈನಿಕರಿಗೆ ಎಷ್ಟು ನೀರು ಬೇಕೆಂಬುದು ಸೇನೆಗಳ ಮುಂದೆ ಬಂತು. ಅಮೆರಿಕದ ಎಡ್ವರ್ಡ್ ಅಡಾಲ್ಫ್ ತಂಡ ಮರುಭೂಮಿಯಲ್ಲಿ ನಡೆಸಿದ ಅಧ್ಯಯನಗಳು 1947ರಲ್ಲಿ ಪುಸ್ತಕವಾಗಿ ಹೊರಬಂದವು. ಅವರು ಕಂಡ ಸಂಗತಿ ಇಂದಿಗೂ ಚರ್ಚೆಯಲ್ಲಿದೆ. ಬಿಸಿಲಲ್ಲಿ ದುಡಿಯುವವರು ಎದುರಿಗೆ ಬೇಕಾದಷ್ಟು ನೀರಿದ್ದರೂ ಬೆವರಿನಲ್ಲಿ ಹೋದಷ್ಟನ್ನು ಆಗಿಂದಾಗಲೇ ಕುಡಿಯುವುದಿಲ್ಲ. ಊಟದ ಹೊತ್ತಿಗೆ ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಬಾಯಾರಿಕೆ ನಷ್ಟಕ್ಕಿಂತ ಹಿಂದೆ ಬೀಳುತ್ತದೆ ಎಂದು ಒಬ್ಬರು ಇದನ್ನು ಓದಿದರು. ದೇಹ ಸ್ವಲ್ಪ ಕೊರತೆಯನ್ನು ಹೊತ್ತು ನಡೆಯಬಲ್ಲದು ಎಂದು ಇನ್ನೊಬ್ಬರು ಓದಿದರು. ಮುಂದಿನ ಜಗಳದ ಬೀಜ ಇಲ್ಲಿಯೇ ಇದೆ.

ಕುಡಿಯಿರಿ ಎಂಬ ಆಜ್ಞೆ

1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ವೈದ್ಯ ರಾಬರ್ಟ್ ಕೇಡ್ ತಮ್ಮ ಫುಟ್‌ಬಾಲ್ ತಂಡಕ್ಕಾಗಿ ನೀರು, ಸಕ್ಕರೆ, ಉಪ್ಪು ಬೆರೆಸಿದ ಪಾನೀಯ ತಯಾರಿಸಿದರು. ಗೇಟರೇಡ್ ಹುಟ್ಟಿದ್ದು ಹೀಗೆ. 1969ರಲ್ಲಿ ದಕ್ಷಿಣ ಆಫ್ರಿಕಾದ ವಿಂಡಮ್ ಮತ್ತು ಸ್ಟ್ರೈಡಮ್ ಮ್ಯಾರಥಾನ್ ಓಟಗಾರರ ಮೇಲೆ ಒಂದು ಪ್ರಬಂಧ ಬರೆದರು. ಹೆಚ್ಚು ತೂಕ ಕಳೆದುಕೊಂಡವರ ದೇಹದ ಉಷ್ಣತೆ ಹೆಚ್ಚಿತ್ತು, ಆದ್ದರಿಂದ ಕಡಿಮೆ ಕುಡಿಯುವುದು ಅಪಾಯಕಾರಿ ಎಂಬುದು ಅವರ ತೀರ್ಮಾನ.

ಅಲ್ಲಿಂದ ಗಾಳಿ ತಿರುಗಿತು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1996ರಲ್ಲಿ ಹೊರಡಿಸಿದ ನಿಲುವು ಪತ್ರ, ಬೆವರಿನಲ್ಲಿ ಹೋದಷ್ಟನ್ನೂ ತುಂಬಬೇಕು ಅಥವಾ ತಡೆದುಕೊಳ್ಳಬಹುದಾದಷ್ಟು ಕುಡಿಯಬೇಕು ಎಂದಿತು. ಗಂಟೆಗೆ 600ರಿಂದ 1,200 ಮಿಲಿಲೀಟರ್ ಎಂಬ ಅಳತೆಯೂ ಅದರಲ್ಲಿತ್ತು. ಬಾಯಾರಿಕೆಗೆ ಕಾಯುವುದು ತಡವಾದ ಲಕ್ಷಣಕ್ಕೆ ಕಾದಂತೆ ಎಂಬ ಮಾತು ತರಬೇತುದಾರರಿಂದ ಜಾಹೀರಾತುಗಳವರೆಗೆ ಎಲ್ಲೆಡೆ ಹರಡಿತು.

ಹೆಚ್ಚು ಕುಡಿದರೂ ಸಾವು

ಇದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಬೇರೊಂದು ಚಿತ್ರ ಕಾಣತೊಡಗಿತ್ತು. ಡರ್ಬನ್ ಮತ್ತು ಪೀಟರ್‌ಮ್ಯಾರಿಟ್ಸ್‌ಬರ್ಗ್ ನಡುವೆ ಸುಮಾರು 90 ಕಿಲೋಮೀಟರ್ ಓಡುವ ಕಾಮ್ರೇಡ್ಸ್ ಮ್ಯಾರಥಾನ್‌ನಂಥ ಸುದೀರ್ಘ ಸ್ಪರ್ಧೆಗಳಲ್ಲಿ ಕುಸಿದುಬಿದ್ದ ಕೆಲವರಿಗೆ ನೀರಿನ ಕೊರತೆಯೇ ಇರಲಿಲ್ಲ. ಅವರ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿದಿತ್ತು. ಅವರು ಕುಡಿದದ್ದೇ ಹೆಚ್ಚಾಗಿತ್ತು. 1985ರಲ್ಲಿ ಟಿಮೊಥಿ ನೋಕ್ಸ್ ಮತ್ತು ಸಂಗಡಿಗರು ಇಂಥ ನಾಲ್ಕು ಪ್ರಕರಣಗಳನ್ನು ಪ್ರಕಟಿಸಿದರು.

ಇದು ನಡೆಯುವ ಬಗೆ ಹೀಗೆ. ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ನಡುವೆ ಇರಬೇಕು. ಸುದೀರ್ಘ ಓಟದ ಒತ್ತಡದಲ್ಲಿ ದೇಹ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಆಗ ಮೂತ್ರಪಿಂಡ ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಓಟಗಾರ್ತಿ ಒಂದೇ ಸಮನೆ ಕುಡಿಯುತ್ತಲೇ ಹೋದರೆ ರಕ್ತ ತೆಳುವಾಗುತ್ತದೆ, ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ತಲೆಬುರುಡೆಯೊಳಗಿನ ಮಿದುಳಿಗೆ ಊದಿಕೊಳ್ಳಲು ಜಾಗವಿಲ್ಲ. ತಲೆನೋವು, ವಾಂತಿ, ಗೊಂದಲ, ಅಪಸ್ಮಾರದಂಥ ಸೆಳವು, ಕೊನೆಗೆ ಸಾವು.

2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಸಿಂಥಿಯಾ ಲ್ಯುಸೆರೊ ಹೀಗೆಯೇ ತೀರಿಕೊಂಡರು. ಅದೇ ಓಟದಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಪ್ರಕಟವಾದಾಗ ಕ್ರೀಡಾವೈದ್ಯರು ಬೆಚ್ಚಿದರು. ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು, ಮೂವರಲ್ಲಿ ಜೀವಕ್ಕೇ ಅಪಾಯವಾಗುವಷ್ಟು ಇಳಿದಿತ್ತು. ಯಾರಿಗೆ ಹೀಗಾಗುತ್ತದೆ ಎಂಬುದಕ್ಕೆ ಅತಿ ಬಲವಾದ ಸುಳಿವು ಓಟದ ನಡುವೆ ತೂಕ ಹೆಚ್ಚಾಗಿರುವುದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವವರಿಗೂ ಅಪಾಯ ಹೆಚ್ಚಿತ್ತು. ನಿಧಾನವಾಗಿ ಓಡುವವರು ಕಡಿಮೆ ಬೆವರುತ್ತಾರೆ, ನೀರಿನ ಮೇಜುಗಳ ಬಳಿ ನಿಂತು ಕುಡಿಯಲು ಅವರಿಗೆ ಬಿಡುವೂ ಹೆಚ್ಚು.

2007ರ ಹೊತ್ತಿಗೆ ಅಮೆರಿಕನ್ ಕಾಲೇಜ್ ತನ್ನ ನಿಲುವು ತಿದ್ದಿತು. ತೂಕ ಶೇ. 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಿ, ಆದರೆ ತೂಕ ಏರುವಷ್ಟು ಕುಡಿಯಬೇಡಿ, ಪ್ರತಿಯೊಬ್ಬರೂ ತಮ್ಮ ಬೆವರಿಗೆ ತಕ್ಕ ಯೋಜನೆ ಮಾಡಿಕೊಳ್ಳಿ ಎಂದಿತು. ಸೆನ್ಸರ್‌ಗಳಿಗೆ ಬಾಗಿಲು ತೆರೆದದ್ದು ಈ ಕೊನೆಯ ಮಾತು.

ಬೆವರಿನೊಳಗೆ ಏನಿದೆ

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಹೆಚ್ಚಿನ ಓಟಗಾರರು ಗಂಟೆಗೆ ಅರ್ಧದಿಂದ ಎರಡು ಲೀಟರ್ ಬೆವರುತ್ತಾರೆ. 1984ರ ಒಲಿಂಪಿಕ್ಸ್‌ಗೆ ಸಿದ್ಧರಾಗುತ್ತಿದ್ದ ಆಲ್ಬರ್ಟೊ ಸಲಜಾರ್ ಗಂಟೆಗೆ 3.7 ಲೀಟರ್ ಬೆವರುತ್ತಿದ್ದುದು ದಾಖಲಾಗಿದೆ.

ಉಪ್ಪಿನ ವ್ಯತ್ಯಾಸವೂ ದೊಡ್ಡದೇ. ಒಬ್ಬರ ಬೆವರಿನಲ್ಲಿ ಲೀಟರಿಗೆ 20 ಮಿಲಿಮೋಲ್ ಸೋಡಿಯಂ ಇದ್ದರೆ ಇನ್ನೊಬ್ಬರದರಲ್ಲಿ 80 ಇರಬಹುದು. 40 ಮಿಲಿಮೋಲ್ ಎಂದರೆ ಲೀಟರಿಗೆ 920 ಮಿಲಿಗ್ರಾಂ ಸೋಡಿಯಂ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಸುಮಾರು 2.3 ಗ್ರಾಂ. ಓಟ ಮುಗಿದ ಮೇಲೆ ಕೆಲವರ ಅಂಗಿಯ ಮೇಲೆ ಬಿಳಿ ಗೆರೆಗಳು ಮೂಡುವುದು, ಕೆಲವರ ಅಂಗಿ ಸುಮ್ಮನೆ ಒದ್ದೆಯಾಗಿರುವುದು ಇದೇ ಕಾರಣಕ್ಕೆ.

ಗ್ರಂಥಿಯ ಬುಡದಲ್ಲಿ ಬೆವರು ಹೆಚ್ಚುಕಡಿಮೆ ರಕ್ತದ ನೀರಿನಷ್ಟೇ ಉಪ್ಪಾಗಿರುತ್ತದೆ. ನಾಳದಲ್ಲಿ ಮೇಲೇರುವಾಗ ದೇಹ ಸೋಡಿಯಂ ಮತ್ತು ಕ್ಲೋರೈಡನ್ನು ಮರಳಿ ಹೀರಿಕೊಳ್ಳುತ್ತದೆ. ಬೆವರು ವೇಗವಾಗಿ ಹರಿದರೆ ಹೀರಲು ಸಮಯ ಸಾಲದು, ಬೆವರು ಉಪ್ಪಾಗುತ್ತದೆ. ಆದ್ದರಿಂದ ಒಬ್ಬರದೇ ಬೆವರು ನಿಧಾನದ ಓಟದಲ್ಲಿ ಸಪ್ಪೆ, ವೇಗದ ಓಟದಲ್ಲಿ ಉಪ್ಪು. ಎಷ್ಟೇ ಉಪ್ಪಾದರೂ ಅದು ರಕ್ತಕ್ಕಿಂತ ಸಪ್ಪೆಯೇ. ಹಾಗಾಗಿ ಬೆವರಿದಂತೆ ರಕ್ತ ಗಟ್ಟಿಯಾಗುತ್ತದೆ. ಶೇ. 1ರಿಂದ 2ರಷ್ಟು ಗಟ್ಟಿಯಾದರೂ ಸಾಕು, ಮಿದುಳು ಬಾಯಾರಿಕೆ ಹುಟ್ಟಿಸುತ್ತದೆ.

ಬೆವರನ್ನು ಪರೀಕ್ಷಿಸುವ ವಿದ್ಯೆ ಬಂದದ್ದು ಕ್ರೀಡೆಯಿಂದಲ್ಲ, ಮಕ್ಕಳ ಆಸ್ಪತ್ರೆಗಳಿಂದ. ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಇದ್ದ ಮಕ್ಕಳು ಹೆಚ್ಚಾಗಿ ನಿತ್ರಾಣರಾಗುತ್ತಿದ್ದರು. ಅವರ ಬೆವರು ಅತಿ ಉಪ್ಪಾಗಿರುತ್ತದೆಂದು 1953ರಲ್ಲಿ ಪಾಲ್ ಡಿ ಸ್ಯಾಂಟ್ ಆಗ್ನೀಸ್ ತಂಡ ತೋರಿಸಿತು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ರೂಪಿಸಿದ ಬೆವರಿನ ಪರೀಕ್ಷೆ ಇಂದಿಗೂ ಆ ಕಾಯಿಲೆ ಪತ್ತೆಗೆ ಆಧಾರ. ಇಂದಿನ ಪ್ಯಾಚ್‌ಗಳ ಮೂಲಪುರುಷ ಆ ಪರೀಕ್ಷೆಯೇ.

ಸಲಕರಣೆಗಳ ಬಗೆಗಳು

ಮಾರುಕಟ್ಟೆಯಲ್ಲಿಯೂ ಪ್ರಯೋಗಾಲಯದಲ್ಲಿಯೂ ಇರುವ ಸಲಕರಣೆಗಳನ್ನು ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು ಬೆವರನ್ನೇ ಹಿಡಿದು ಪರೀಕ್ಷಿಸುವವು. 2016ರ ಜನವರಿಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲಿ ಜಾವೆ ಮತ್ತು ವೈ ಗಾವೊ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಪಟ್ಟಿಯನ್ನು ವಿವರಿಸಿತು. ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್, ಲ್ಯಾಕ್ಟೇಟ್ ಮತ್ತು ಚರ್ಮದ ಉಷ್ಣತೆಯನ್ನು ಅದು ಒಟ್ಟಿಗೇ ಅಳೆದು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳಿಸುತ್ತಿತ್ತು. ನೀರು ಕುಡಿಯದೆ ದೀರ್ಘವಾಗಿ ಓಡಿದವರ ಬೆವರಿನಲ್ಲಿ ಸೋಡಿಯಂ ಏರುವುದನ್ನು ಅವರು ಕಂಡರು. ಅದೇ ವರ್ಷ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರಾಜರ್ಸ್ ತಂಡ ಬ್ಯಾಟರಿ ಇಲ್ಲದ ಮೆತ್ತನೆಯ ಪ್ಯಾಚ್ ಒಂದನ್ನು ಮುಂದಿಟ್ಟಿತು. ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ಬೆವರು ತಾನಾಗಿ ಹರಿದು ಬಣ್ಣ ಬದಲಿಸುತ್ತದೆ, ಮೊಬೈಲಿನಲ್ಲಿ ಚಿತ್ರ ತೆಗೆದರೆ ಅಂಕಿ ಸಿಗುತ್ತದೆ. ಈ ದಾರಿಯ ಫಲವೇ 2021ರಲ್ಲಿ ಗೇಟರೇಡ್ ಮಾರುಕಟ್ಟೆಗೆ ತಂದ, ಮುಂಗೈ ಒಳಭಾಗಕ್ಕೆ ಅಂಟಿಸುವ ಒಂದು ಬಾರಿಯ ಪ್ಯಾಚ್. ಅದರಲ್ಲಿ ಒಂದು ಕಾಲುವೆ ಬೆವರಿನ ಪ್ರಮಾಣ ತೋರಿಸಿದರೆ ಇನ್ನೊಂದು ಕ್ಲೋರೈಡ್ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ನೇರಳೆ ಬಣ್ಣ ತಾಳುತ್ತದೆ. ಬಾಸ್ಟನ್‌ನ ನಿಕ್ಸ್ ಕಂಪನಿಯ ಸಲಕರಣೆಯಲ್ಲಿ ಬಿಸಾಡುವ ಪ್ಯಾಚ್‌ಗೆ ಮರುಬಳಕೆಯ ವಿದ್ಯುತ್ ಭಾಗ ಸಿಕ್ಕಿಸಿ, ಓಡುತ್ತಿರುವಾಗಲೇ ಅಂಕಿ ಕೊಡುವ ವ್ಯವಸ್ಥೆ ಇದೆ.

ಎರಡನೆಯದು ಅಂಗಾಂಶದೊಳಗಿನ ನೀರನ್ನು ಹೊರಗಿನಿಂದ ಇಣುಕಿ ನೋಡುವವು. ನೀರು ಕೆಲವು ಅವಕೆಂಪು ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಬೆಳಕು ಹಾಯಿಸಿ ಎಷ್ಟು ಮರಳಿತೆಂದು ನೋಡುವುದು ಒಂದು ದಾರಿ. ದೇಹದೊಳಗೆ ಸಣ್ಣ ವಿದ್ಯುತ್ ಹಾಯಿಸಿ ತಡೆಯನ್ನು ಅಳೆಯುವ ಬಯೋಇಂಪೀಡೆನ್ಸ್ ಇನ್ನೊಂದು ದಾರಿ. ಮಲಗಿ ವಿಶ್ರಮಿಸುತ್ತಿರುವವರಲ್ಲಿ ಬಯೋಇಂಪೀಡೆನ್ಸ್ ಉಪಯುಕ್ತ. ಓಡುವಾಗ ಚರ್ಮ ಬಿಸಿಯಾಗಿ ರಕ್ತದ ಹರಿವು ಬದಲಾಗುತ್ತದೆ, ಮೈಮೇಲೆ ಬೆವರು ಹರಡುತ್ತದೆ. ಆಗ ಅಂಕಿ ದಾರಿ ತಪ್ಪುತ್ತದೆ.

ಮೂರನೆಯದು ಬೆವರನ್ನು ಮುಟ್ಟದೆಯೇ ಲೆಕ್ಕ ಹಾಕುವವು. ಗಾರ್ಮಿನ್ ಮತ್ತು ಸ್ಯಾಮ್‌ಸಂಗ್ ವಾಚ್‌ಗಳು ಓಟದ ಕೊನೆಯಲ್ಲಿ ತೋರಿಸುವ ಬೆವರಿನ ನಷ್ಟ ಇಂಥದ್ದು. ತೂಕ, ಶ್ರಮ, ಹವೆಯಂಥ ವಿವರಗಳಿಂದ ಸೂತ್ರ ಹಾಕಿ ತೆಗೆದ ಅಂದಾಜು ಅದು. ಹೆಚ್ಚಿನ ಬಳಕೆದಾರರು ಅದನ್ನು ಅಳತೆ ಎಂದೇ ತಿಳಿದಿರುತ್ತಾರೆ. ಅಳತೆಗೂ ಅಂದಾಜಿಗೂ ಇರುವ ಈ ಅಂತರವನ್ನು ಕೊಳ್ಳುವ ಮೊದಲು ತಿಳಿಯಬೇಕು.

ನಾಲ್ಕು ಪಂಥಗಳು

*ಕೊರತೆ ತುಂಬಬೇಕು ಎನ್ನುವವರು.* ಅಮೆರಿಕದ ನೇಟಿಕ್‌ನಲ್ಲಿರುವ ಸೇನಾ ಸಂಶೋಧನಾಲಯದಲ್ಲಿದ್ದ ಮೈಕಲ್ ಸಾಕಾ, ಸ್ಯಾಮ್ಯುಯೆಲ್ ಶೂವ್ರಾಂಟ್ ಮೊದಲಾದವರು ಈ ಪಂಥದ ಮುಂದಾಳುಗಳು. ನೀರು ಕಳೆದರೆ ರಕ್ತದ ಪ್ರಮಾಣ ಕುಗ್ಗುತ್ತದೆ. ಅದೇ ರಕ್ತ ಸ್ನಾಯುಗಳಿಗೂ ಹೋಗಬೇಕು, ತಂಪಾಗಿಸಲು ಚರ್ಮಕ್ಕೂ ಹೋಗಬೇಕು. ಹೃದಯಬಡಿತ ಏರುತ್ತದೆ, ಒಳಗಿನ ಉಷ್ಣತೆ ಏರುತ್ತದೆ. 60 ಕಿಲೋ ತೂಕದವರಿಗೆ ಶೇ. 2 ಎಂದರೆ 1.2 ಕಿಲೋ, ಅದನ್ನು ದಾಟಬಾರದು. ಸೆಕೆಯಲ್ಲಿ ಓಟ ಏಕೆ ಮಂದವಾಗುತ್ತದೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ.

*ಬಾಯಾರಿಕೆಯನ್ನು ನಂಬಿ ಎನ್ನುವವರು.* ನೋಕ್ಸ್ 2012ರ 'ವಾಟರ್‌ಲಾಗ್ಡ್' ಪುಸ್ತಕದಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ದೇಹ ಕಾಪಾಡುವುದು ತೂಕವನ್ನಲ್ಲ, ರಕ್ತದ ಸಾಂದ್ರತೆಯನ್ನು. ಅದಕ್ಕೆ ಬೇಕಾದ ಸೆನ್ಸರ್ ಮಿದುಳಿನಲ್ಲಿಯೇ ಇದೆ, ಅದರ ಹೆಸರೇ ಬಾಯಾರಿಕೆ. 2009ರ ದುಬೈ ಮ್ಯಾರಥಾನನ್ನು ಗೆದ್ದ ಹೈಲೆ ಗೆಬ್ರೆಸೆಲಾಸಿ ಆ ಓಟದಲ್ಲಿ ತಮ್ಮ ತೂಕದ ಹತ್ತನೆಯ ಒಂದು ಪಾಲಿನ ಸಮೀಪ ಕಳೆದುಕೊಂಡಿದ್ದರೆಂಬ ಅಂದಾಜಿದೆ. ಶೇ. 2ರ ಗೆರೆ ಎಲ್ಲರಿಗೂ ಅನ್ವಯವಾಗುವುದಾದರೆ ಅವರು ಗೆಲ್ಲಲೇಬಾರದಿತ್ತು. ಕೆನಡಾದ ಎರಿಕ್ ಗುಲೆ 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೈಜ ಸ್ಪರ್ಧೆಯನ್ನು ಹೋಲುವ ಸ್ಥಿತಿಯಲ್ಲಿ ಶೇ. 4ರವರೆಗಿನ ನಷ್ಟ ಸಾಮರ್ಥ್ಯವನ್ನು ತಗ್ಗಿಸಿದಂತೆ ಕಾಣಲಿಲ್ಲ. ಅತಿಯಾಗಿ ಕುಡಿದು ಸತ್ತವರ ಕತೆಯನ್ನು ವಿವರಿಸುವುದೂ ಈ ಪಂಥವೇ. 2015ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಸೇರಿದ ತಜ್ಞರ ಸಮಾವೇಶ ಸೋಡಿಯಂ ಕುಸಿತ ತಡೆಯಲು ಬಾಯಾರಿಕೆಯಂತೆ ಕುಡಿಯುವುದನ್ನೇ ಸೂಚಿಸಿತು.

*ಪ್ರತಿಯೊಬ್ಬರನ್ನೂ ಅಳೆಯಬೇಕು ಎನ್ನುವವರು.* ಲಿಂಡ್ಸೆ ಬೇಕರ್ ಅವರಂಥ ಬೆವರಿನ ತಜ್ಞರು, ರಾಜರ್ಸ್ ಮತ್ತು ಗಾವೊ ಅವರಂಥ ಎಂಜಿನಿಯರುಗಳು ಇಲ್ಲಿದ್ದಾರೆ. ಗಂಟೆಗೆ ಅರ್ಧ ಲೀಟರ್ ಬೆವರುವವರಿಗೂ ಎರಡು ಲೀಟರ್ ಬೆವರುವವರಿಗೂ ಒಂದೇ ಸಲಹೆ ಕೊಡುವುದು ಅವೈಜ್ಞಾನಿಕ ಎಂಬುದು ಇವರ ನಿಲುವು. ಒಂದೇ ತರಬೇತಿಯಲ್ಲಿ ಒಬ್ಬರು ಬಳಲಿ ಇನ್ನೊಬ್ಬರು ಗಟ್ಟಿಯಾಗಿ ನಿಲ್ಲುವುದೇಕೆ ಎಂಬುದನ್ನು ಇವರ ಅಂಕಿಗಳು ತೋರಿಸಬಲ್ಲವು. ಆದರೆ ಈ ಸಂಶೋಧನೆಯ ಒಂದು ಪಾಲು ಪಾನೀಯ ಮಾರುವ ಕಂಪನಿಗಳ ಹಣದಿಂದ, ಅವುಗಳ ಪ್ರಯೋಗಾಲಯಗಳಲ್ಲಿಯೇ ನಡೆದಿದೆ. ಫಲಿತಾಂಶ ಸುಳ್ಳೆಂದು ಇದರಿಂದ ಹೇಳಲಾಗದು. ಯಾವ ಪ್ರಶ್ನೆ ಕೇಳಲಾಗುತ್ತದೆ, ಯಾವುದು ಕೇಳದೆ ಉಳಿಯುತ್ತದೆ ಎಂಬುದರ ಮೇಲೆ ಮಾತ್ರ ಹಣದ ಮೂಲ ಪ್ರಭಾವ ಬೀರುತ್ತದೆ.

*ಸಂದರ್ಭ ನೋಡಿ ಎನ್ನುವವರು.* ರಾಬರ್ಟ್ ಕೆನೆಫಿಕ್ 2018ರ ಲೇಖನದಲ್ಲಿ ಎರಡು ಕಡೆಯವರನ್ನೂ ಒಂದು ಚೌಕಟ್ಟಿನಲ್ಲಿ ಕೂರಿಸಿದರು. ಒಂದೂವರೆ ಗಂಟೆ ಮೀರುವ, ಸೆಕೆಯಲ್ಲಿ ನಡೆಯುವ, ವೇಗದ ಓಟಕ್ಕೆ ಮುಂಚಿತ ಯೋಜನೆ ಬೇಕು. ಅದಕ್ಕಿಂತ ಚಿಕ್ಕ, ತಂಪು ಹವೆಯ, ನಿಧಾನದ ಓಟಕ್ಕೆ ಬಾಯಾರಿಕೆ ಸಾಕು. ನನ್ನ ದೃಷ್ಟಿಯಲ್ಲಿ ಈಗ ಕೈಯಲ್ಲಿರುವ ಪುರಾವೆಗೆ ಅತಿ ಹತ್ತಿರದ ನಿಲುವು ಇದು.

ಅಳತೆಯ ಮಿತಿ

ಸೆನ್ಸರ್ ಬಗೆಗಿನ ಅತಿ ಮುಖ್ಯ ಸಂಗತಿ ಇಲ್ಲಿದೆ: ಅದು ಅಳೆಯುವುದು ಹೊರಹೋದ ಬೆವರನ್ನು, ಒಳಗಿರುವ ನೀರನ್ನಲ್ಲ. ತೂಬಿನಿಂದ ಹರಿದ ನೀರನ್ನಷ್ಟೇ ಲೆಕ್ಕ ಹಾಕಿ ಕೆರೆಯಲ್ಲಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಮೊದಲು ಎಷ್ಟಿತ್ತು, ಒಳಗೆ ಎಷ್ಟು ಬಂತು ಎಂಬುದೂ ಬೇಕು. ಹಿಂದಿನ ದಿನವೇ ನೀರು ಕಡಿಮೆ ಕುಡಿದು ಓಟಕ್ಕೆ ನಿಂತವರ ಸ್ಥಿತಿ ಪ್ಯಾಚ್‌ಗೆ ಗೊತ್ತಾಗುವುದಿಲ್ಲ.

ಎರಡನೆಯ ತೊಡಕು ಜಾಗದ್ದು. ಮುಂಗೈ, ಬೆನ್ನು, ಹಣೆ, ತೊಡೆ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಬೆವರುತ್ತವೆ. ಮುಂಗೈಯ ಪುಟ್ಟ ವೃತ್ತದಿಂದ ಇಡೀ ಮೈಯ ಬೆವರನ್ನು ಲೆಕ್ಕ ಹಾಕಲು ಸೂತ್ರ ಬೇಕು. ಆ ಸೂತ್ರ ಒಂದು ಗುಂಪಿನ ಸರಾಸರಿಯಿಂದ ಬಂದದ್ದು, ಒಬ್ಬೊಬ್ಬರಲ್ಲಿ ಅದು ಹೆಚ್ಚುಕಡಿಮೆಯಾಗುತ್ತದೆ. ಗಂಟೆಗೆ ಒಂದು ಲೀಟರ್ ಬೆವರುವವರ ಲೆಕ್ಕ ಐದನೆಯ ಒಂದು ಪಾಲು ಹೆಚ್ಚಾಗಿ ಬಂದಿತೆನ್ನಿ. ನಾಲ್ಕು ಗಂಟೆಯ ಮ್ಯಾರಥಾನ್‌ನಲ್ಲಿ ಅದು 800 ಮಿಲಿಲೀಟರ್ ತಪ್ಪು. ಆ ಅಂಕಿಯನ್ನು ಆಜ್ಞೆಯೆಂದು ಪಾಲಿಸಿದರೆ ಬೇಡದ ನೀರು ಹೊಟ್ಟೆ ಸೇರುತ್ತದೆ.

ಮೂರನೆಯದು ಬೆವರಿನ ಉಪ್ಪು ರಕ್ತದ ಕನ್ನಡಿಯಲ್ಲ ಎಂಬುದು. ಬೆವರಿನ ಸೋಡಿಯಂ ಏರಿದರೆ ದೇಹ ಒಣಗುತ್ತಿರಬಹುದು, ಅಥವಾ ಓಟಗಾರರು ವೇಗ ಹೆಚ್ಚಿಸಿದ್ದರಿಂದ ಬೆವರು ಜೋರಾಗಿ ಹರಿದಿರಬಹುದು. ಬೆವರನ್ನು ಮಾತ್ರ ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಇನ್ನು ತೂಕವೂ ಪೂರ್ತಿ ನೀರಲ್ಲ. ಉರಿದ ಕೊಬ್ಬು ಮತ್ತು ಪಿಷ್ಟದ ತೂಕವೂ ಅದರಲ್ಲಿದೆ. ಸ್ನಾಯುಗಳಲ್ಲಿ ಕೂಡಿಟ್ಟ ಪಿಷ್ಟವಾದ ಗ್ಲೈಕೋಜೆನ್ ಜೊತೆ ಕಟ್ಟಿಕೊಂಡಿದ್ದ ನೀರು ಗ್ಲೈಕೋಜೆನ್ ಕರಗಿದಾಗ ಬಿಡುಗಡೆಯಾಗುತ್ತದೆ. ಹೋದ ಪ್ರತಿಯೊಂದು ಗ್ರಾಂಗೂ ಒಂದು ಗ್ರಾಂ ನೀರು ಕುಡಿಯಬೇಕೆಂಬ ಲೆಕ್ಕವೇ ಹಾಗಾಗಿ ಬಿಗಿಯಾದದ್ದಲ್ಲ.

ನಮ್ಮ ಹವೆ, ನಮ್ಮ ಪಾನೀಯ

ಕನ್ನಡನಾಡಿನ ಓಟಗಾರರಿಗೆ ಈ ಚರ್ಚೆ ದೂರದ್ದಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಮುಂಜಾವಿನ ತಂಪಿನಲ್ಲಿ ಅಭ್ಯಾಸ ಮಾಡಿದವರು ಜನವರಿಯ ಮುಂಬೈ ಮ್ಯಾರಥಾನ್‌ಗೋ ಮಂಗಳೂರಿನ ಓಟಕ್ಕೋ ಹೋದಾಗ ಬೆವರಿನ ಲೆಕ್ಕವೇ ಬದಲಾಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ನೀರೂ ಉಪ್ಪೂ ಹೋಗುತ್ತವೆ, ಮೈ ಮಾತ್ರ ತಂಪಾಗುವುದಿಲ್ಲ. ಬೆಂಗಳೂರಿನಲ್ಲಿ ಅಳೆದ ಅಂಕಿಯನ್ನು ಮಂಗಳೂರಿಗೆ ಒಯ್ಯಲಾಗದು. 2019ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳೆಯರ ಮ್ಯಾರಥಾನ್ ನಡುರಾತ್ರಿಯಲ್ಲಿ ನಡೆದರೂ 68 ಮಂದಿಯಲ್ಲಿ 28 ಮಂದಿ ಅರ್ಧಕ್ಕೆ ಬಿಟ್ಟರು. ಸೆಕೆ ಮತ್ತು ತೇವ ಒಟ್ಟು ಸೇರಿದಾಗ ನೀರು ಎಷ್ಟಿದ್ದರೂ ಸಾಲದು, ವೇಗವನ್ನೇ ತಗ್ಗಿಸಬೇಕು. ಈ ಮಾತನ್ನು ಬೆವರಿನ ಪ್ಯಾಚ್ ಹೇಳುವುದಿಲ್ಲ.

ಏನು ಕುಡಿಯಬೇಕು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ದೊಡ್ಡ ಪಾಠವಿದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಸಾವುಗಳನ್ನು ತಗ್ಗಿಸಿದರು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಕ್ರೀಡಾಪಾನೀಯಗಳ ತತ್ವವೂ ಇದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇದ್ದರೆ ಸಾಮಾನ್ಯ ಕ್ರೀಡಾಪಾನೀಯದಲ್ಲಿ ಇರುವುದು ಸುಮಾರು 20. ನಾವು ನೆಚ್ಚಿಕೊಳ್ಳುವ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಈ ದೃಷ್ಟಿಯಿಂದ ದೀರ್ಘ ಓಟದ ನಂತರ ಉಪ್ಪು ಹಾಕಿದ ಮಜ್ಜಿಗೆ ಬೆವರಿನ ಕೊರತೆಗೆ ಎಳನೀರಿಗಿಂತ ಹತ್ತಿರ.

ಇನ್ನೂ ಇತ್ಯರ್ಥವಾಗದವು

ಮೊದಲನೆಯದಾಗಿ, ಶೇ. 2ರ ಗೆರೆಯೇ ವಿವಾದದಲ್ಲಿದೆ. ನೀರು ಕಡಿಮೆಯಾಗಿದೆ ಎಂಬ ಅರಿವೇ ಓಟವನ್ನು ಕುಗ್ಗಿಸುತ್ತದೆಯೇ, ಕೊರತೆಯೇ ಕುಗ್ಗಿಸುತ್ತದೆಯೇ? ಇದನ್ನು ಬಿಡಿಸಲು ಸಂಶೋಧಕರು ಸೈಕಲ್ ಸವಾರರಿಗೆ ತಿಳಿಯದಂತೆ ನೀರು ಸೇರಿಸಿ ನೋಡಿದರು. 2013ರಲ್ಲಿ ಬ್ರಾಡ್ಲಿ ವಾಲ್ ತಂಡ ರಕ್ತನಾಳದ ಮೂಲಕ ಲವಣಜಲ ಕೊಟ್ಟಾಗ ಶೇ. 3ರ ನಷ್ಟವೂ ಸಾಮರ್ಥ್ಯವನ್ನು ಕುಗ್ಗಿಸಲಿಲ್ಲ. 2017ರಲ್ಲಿ ಬ್ರಿಟನ್ನಿನ ಲೂಯಿಸ್ ಜೇಮ್ಸ್ ತಂಡ ನಳಿಕೆಯ ಮೂಲಕ ನೇರ ಹೊಟ್ಟೆಗೆ ನೀರು ಬಿಟ್ಟು ನೋಡಿದಾಗ ಕೊರತೆಯಿದ್ದವರು ಹಿಂದೆ ಬಿದ್ದರು. ಎರಡೂ ಎಚ್ಚರದಿಂದ ಮಾಡಿದ ಪ್ರಯೋಗಗಳೇ, ಉತ್ತರಗಳು ಮಾತ್ರ ಬೇರೆ.

ಎರಡನೆಯದಾಗಿ, ಉಪ್ಪು ತುಂಬಿದರೆ ಸ್ನಾಯುಸೆಳೆತ ತಪ್ಪುತ್ತದೆಯೇ? ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ ಸೆಳೆತಕ್ಕೆ ಕಾರಣ ಉಪ್ಪಿನ ಕೊರತೆಯಲ್ಲ, ದಣಿದ ನರ-ಸ್ನಾಯುಗಳ ನಿಯಂತ್ರಣ ತಪ್ಪುವುದು ಎಂದು ವಾದಿಸಿದ್ದಾರೆ. ಅದು ನಿಜವಾದರೆ ಬೆವರಿನ ಉಪ್ಪನ್ನು ಅಳೆದು ಸೆಳೆತ ತಡೆಯುತ್ತೇವೆಂಬ ಭರವಸೆಗೆ ಬುನಾದಿ ಇಲ್ಲ.

ಮೂರನೆಯದಾಗಿ, ಸೂಜಿ ಚುಚ್ಚದೆ ರಕ್ತದ ಸಾಂದ್ರತೆಯನ್ನು ಓಟದ ನಡುವೆ ಅಳೆಯಬಹುದೇ? ಅದು ಸಾಧ್ಯವಾದ ದಿನ ಸೆನ್ಸರ್ ಬೆವರಿನ ಲೆಕ್ಕದಿಂದ ದೇಹದ ಸ್ಥಿತಿಯ ಲೆಕ್ಕಕ್ಕೆ ದಾಟುತ್ತದೆ. ಚರ್ಮದ ಕೆಳಗಿನ ದ್ರವವನ್ನು ಮುಟ್ಟುವ ಸೂಕ್ಷ್ಮ ಸೂಜಿಗಳ ಕೆಲಸ ಪ್ರಯೋಗಾಲಯಗಳಲ್ಲಿ ನಡೆದಿದೆ.

ನಾಲ್ಕನೆಯದು ಅತಿ ಸರಳ, ಅತಿ ಮುಖ್ಯ. ಸೆನ್ಸರ್ ಹೇಳಿದಂತೆ ಕುಡಿದವರು ಬಾಯಾರಿಕೆಯಂತೆ ಕುಡಿದವರಿಗಿಂತ ವೇಗವಾಗಿ ಓಡುತ್ತಾರೆಯೇ, ಕಡಿಮೆ ಕಾಯಿಲೆ ಬೀಳುತ್ತಾರೆಯೇ? ಅಳತೆ ಎಷ್ಟು ನಿಖರ ಎಂಬುದಕ್ಕೆ ಅಧ್ಯಯನಗಳು ಸಾಕಷ್ಟಿವೆ. ಅಳತೆಯಿಂದ ಒಳಿತಾಯಿತೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಹೋಲಿಸಿ ನೋಡುವ ಕೆಲಸ ಹಿಂದುಳಿದಿದೆ. ಬಾಯಾರಿಕೆಯ ಅರಿವು ಮಂದವಾಗುವ ವಯಸ್ಸಾದ ಓಟಗಾರರಿಗೆ ಸೆನ್ಸರ್ ಹೆಚ್ಚು ನೆರವಾಗಬಹುದು. ಅದನ್ನೂ ಪರೀಕ್ಷಿಸಿಯೇ ಹೇಳಬೇಕು.

ಐದನೆಯದು ನ್ಯಾಯದ ಪ್ರಶ್ನೆ. ಇದೇ ಪ್ಯಾಚ್‌ಗಳು ಅಮೆರಿಕದಲ್ಲಿ ಬಿಸಿಯಲ್ಲಿ ದುಡಿಯುವ ಕಾರ್ಮಿಕರಿಗೂ ಬಂದಿವೆ. ಬಿಸಿಲಲ್ಲಿ ಕಟ್ಟಡ ಕಟ್ಟುವವರು, ರಸ್ತೆಗೆ ಡಾಂಬರು ಹಾಕುವವರು ಹವ್ಯಾಸಿ ಓಟಗಾರರಿಗಿಂತ ಹೆಚ್ಚು ಹೊತ್ತು ಬೆವರುತ್ತಾರೆ, ದಿನವೂ ಬೆವರುತ್ತಾರೆ. ಅವರ ಬೆವರಿನ ಅಂಕಿ ಯಾರ ಕೈಗೆ ಹೋಗಬೇಕು? ಅದು ಅವರಿಗೆ ನೆರಳನ್ನೂ ವಿರಾಮವನ್ನೂ ತಂದುಕೊಡುತ್ತದೆಯೇ, ಅವರ ಮೇಲಿನ ನಿಗಾ ಆಗುತ್ತದೆಯೇ? ತಂತ್ರಜ್ಞಾನ ಇದಕ್ಕೆ ಉತ್ತರ ಕೊಡುವುದಿಲ್ಲ, ಕಾನೂನು ಕೊಡಬೇಕು.

ಓದುಗರಿಗೆ

ಇವೆಲ್ಲವನ್ನೂ ತೂಗಿ ನೋಡಿದರೆ ತೀರ್ಮಾನ ಇದು: ಇಂದಿನ ಸೆನ್ಸರ್ ನಿಮ್ಮ ಬೆವರನ್ನು ಕಲಿಯಲು ಒಳ್ಳೆಯ ಸಾಧನ, ಓಟದ ನಡುವೆ ಆಜ್ಞೆ ಕೊಡಲು ಇನ್ನೂ ಯೋಗ್ಯವಲ್ಲ. ಅದು ಕಲಿಸುವುದರ ಬಹುಪಾಲನ್ನು ಮನೆಯ ತೂಕದ ಯಂತ್ರವೂ ಕಲಿಸುತ್ತದೆ. ಒಂದು ಗಂಟೆ ಓಡುವ ಮೊದಲು ಮತ್ತು ಬೆವರು ಒರೆಸಿಕೊಂಡ ಮೇಲೆ ತೆಳು ಬಟ್ಟೆಯಲ್ಲಿ ತೂಗಿಕೊಳ್ಳಿ. ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿ, ಮೂತ್ರಕ್ಕೆ ಹೋಗಿದ್ದರೆ ಅಷ್ಟನ್ನು ಕಳೆಯಿರಿ. ಸಿಕ್ಕಿದ್ದು ಆ ಹವೆಯಲ್ಲಿ, ಆ ವೇಗದಲ್ಲಿ ನಿಮ್ಮ ಗಂಟೆಯ ಬೆವರು. ಸೆಕೆಯ ದಿನ ಮತ್ತೊಮ್ಮೆ, ತಂಪಿನ ದಿನ ಮತ್ತೊಮ್ಮೆ ಅಳೆಯಿರಿ. ಉಪ್ಪಿನ ಲೆಕ್ಕ ತಿಳಿಯಬೇಕೆನಿಸಿದರೆ ಆಗ ಪ್ಯಾಚ್ ಕೊಳ್ಳಬಹುದು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ನೀರು-ಉಪ್ಪಿನ ಯೋಜನೆಯನ್ನು ವೈದ್ಯರನ್ನು ಕೇಳಿಯೇ ಮಾಡಿಕೊಳ್ಳಬೇಕು. ಉಳಿದವರೆಲ್ಲ ಒಂದು ನಿಯಮವನ್ನು ಮರೆಯದಿರಲಿ: ಪರದೆಯ ಮೇಲೆ ಯಾವ ಅಂಕಿಯೇ ಬರಲಿ, ಓಟ ಆರಂಭಿಸಿದಾಗ ಇದ್ದುದಕ್ಕಿಂತ ಹೆಚ್ಚಿನ ತೂಕದಲ್ಲಿ ಓಟ ಮುಗಿಸಬೇಡಿ.